ಮಾಲ್ಡೀವ್ಸ್ ಅಲ್ಲ, ಸೇಶೆಲ್ಸ್

ಶೋಕೇಸಿಗೆ ಇಡುವ ಜೋಡಿ ತೆಂಗು (ಎರಡು ಕಾಯಿ ಅಂಟಿಕೊಂಡಂತೆ ಕಾಣುವ ಕೊಕೊ ಡಿ ಮೇರ್) ಮಾಲ್ಡೀವ್ಸ್‌ನಲ್ಲಿ ಬೆಳೆಯುತ್ತದೆ ಅಂತ ಬರೆದಿದ್ದೀರಿ, ಅದು ತಪ್ಪು ಸಾರ್. ಮರ ಇರುವುದು ಸೇಶೆಲ್ಸ್‌ನಲ್ಲಿ. ಒಳಗೆ ಕೊಳೆತು ಟೊಳ್ಳಾದ ಕಾಯಿಗಳು ತೇಲಿಕೊಂಡು ಮಾಲ್ಡೀವ್ಸ್ ದಡ ಸೇರುತ್ತಿದ್ದವು, ಮರ ಯಾರೂ ನೋಡಿರಲಿಲ್ಲ, ಹಾಗಾಗಿ ಮಾಲ್ಡೀವ್ಸ್ ಹೆಸರು ಅಂಟಿಕೊಂಡಿತು ಅಷ್ಟೇ (ಒಳ್ಳೆ ಕಾಯಿ ನೀರಲ್ಲಿ ಮುಳುಗುತ್ತದೆ). ಒಂದು ಕಾಯಿ ಬಲಿಯಲು 6–7 ವರ್ಷ ಬೇಕು, ಅಲ್ಲಿಂದ ತರಲು ಸರ್ಕಾರದ ಪರವಾನಗಿಯೂ ಬೇಕು. ಕಾಗದ ಕೇಳದೆ ‘ಅದೃಷ್ಟ ತರುತ್ತೆ’ ಅಂತ ಸುಮ್ನೆ ದುಡ್ಡು ಸುರಿಯೋದು ಯಾಕೆ?

ಮೈಸೂರಿನ ನಮ್ಮ ಅಗ್ರಹಾರದ ಮನೆಯಲ್ಲಿ ಇದೇ ಕಾಯಿಯ, ತಾತನ ಕಾಲದ ಅರ್ಧ ಕರಟವಿದೆ, ಸನ್ಯಾಸಿಗಳ ಭಿಕ್ಷಾಪಾತ್ರೆ. ಕೈ ತಾಗಿ ತಾಗಿ ಕಪ್ಪಗೆ ಹೊಳೆಯುತ್ತದೆ, ಅಂಚಿನ ಸೀಳಿಗೆ ಅರಗು ಮೆತ್ತಿದ್ದಾರೆ. ಅಜ್ಜಿ ಅದರಲ್ಲಿ ಹುಣಸೆಹಣ್ಣು ಇಡುತ್ತಿದ್ದರು.