ಚೀಟಿಗಿಂತ ಮೊದಲಿನ 16 ನಿಮಿಷ

ನಮ್ಮ ದೂರಿಗೆ ಕಳೆದ ವಾರ ಉತ್ತರ ಬಂತು. ಒಂದೇ ಹಾಳೆ. ಮಗುವಿನ ಹೆಸರು ರಾತ್ರಿ 8.37ಕ್ಕೆ ನೋಂದಣಿಯಾಗಿದೆ, 8.38ಕ್ಕೆ ವೈದ್ಯರು ಪರೀಕ್ಷಿಸಿದ್ದಾರೆ, 8.40ಕ್ಕೆ ಔಷಧ ಕೊಡಲಾಗಿದೆ, ಆದ್ದರಿಂದ ಚಿಕಿತ್ಸೆಯಲ್ಲಿ ವಿಳಂಬವಾಗಿಲ್ಲ ಎಂದು ಅದರಲ್ಲಿದೆ. ಅದರಲ್ಲಿ ಬರೆದ ಒಂದು ಅಂಕಿಯೂ ಸುಳ್ಳಲ್ಲ. ಆದರೆ ನಾನು ಮಗಳನ್ನು ಎತ್ತಿಕೊಂಡು ಆ ಆಸ್ಪತ್ರೆಯ ಬಾಗಿಲು ದಾಟಿದ್ದು 8.21ಕ್ಕೆ. ನಡುವಿನ 16 ನಿಮಿಷಗಳು ಅವರ ಯಾವ ಪುಸ್ತಕದಲ್ಲಿಯೂ ಇಲ್ಲ. ಈ ಬರಹ ಆ 16 ನಿಮಿಷಗಳ ಬಗ್ಗೆ.

ಆಸ್ಪತ್ರೆಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಲಿಖಿತ ದೂರು ಹೋಗಿದೆ, ಅದರ ದಾರಿಯಲ್ಲಿ ಅದು ಸಾಗಲಿ. ಯಾರನ್ನೂ ಬೀದಿಗೆಳೆಯುವ ಉದ್ದೇಶ ನನಗಿಲ್ಲ.

ನಮ್ಮ ಮನೆ ಕಾಸರಗೋಡು ಜಿಲ್ಲೆಯ ಮುಳ್ಳೇರಿಯದಿಂದ ಒಳಗೆ, ಅಡಿಕೆ ತೋಟದ ನಡುವೆ. ಯಜಮಾನರ ಕೆಲಸ ಮಂಗಳೂರಿನಲ್ಲಿ, ವಾರಕ್ಕೊಮ್ಮೆ ಬರುತ್ತಾರೆ. ಮಗಳಿಗೆ ಆಗ ಎರಡು ವರ್ಷ ಒಂಬತ್ತು ತಿಂಗಳು. ಆಷಾಢದ ಮಳೆ, ಬೆಳಿಗ್ಗೆಯಿಂದ ಅವಳಿಗೆ ಜ್ವರವಿತ್ತು, ಔಷಧ ಕೊಟ್ಟಿದ್ದೆ. ಸಂಜೆ ಏಳೂವರೆಯ ಹೊತ್ತಿಗೆ ಮೈ ಬಿಗಿದು, ಕಣ್ಣು ಮೇಲಾಗಿ, ಸೆಳೆತ ಬಂತು. ಎರಡು ನಿಮಿಷವಿದ್ದಿರಬಹುದು, ತಾನಾಗಿ ನಿಂತಿತು. ಮಾವನವರು ಹಾಸಿಗೆ ಹಿಡಿದವರು, ಅವರನ್ನು ಒಬ್ಬರೇ ಬಿಟ್ಟು ಅತ್ತೆ ಬರುವಂತಿರಲಿಲ್ಲ. ನೆರೆಮನೆಯ ಇಚ್ಚ (ಊರಿನವರೆಲ್ಲ ಅವರನ್ನು ಕರೆಯುವುದೇ ಹಾಗೆ) ಕೂಗಿ ಕರೆದ ಕೂಡಲೇ ಉಣ್ಣುವ ತಟ್ಟೆ ಬಿಟ್ಟು ತಮ್ಮ ಓಮ್ನಿ ತೆಗೆದರು. ಆ ಮಳೆಯಲ್ಲಿ, ಆ ರಸ್ತೆಯಲ್ಲಿ, ಅವರು ಮುಟ್ಟಿಸಿದ ವೇಗವನ್ನು ನೆನೆದರೆ ಈಗಲೂ ಕೈಮುಗಿಯಬೇಕೆನಿಸುತ್ತದೆ. ಆಸ್ಪತ್ರೆಯ ಮುಂದೆ ಇಳಿಯುತ್ತಲೇ ಯಜಮಾನರಿಗೆ ಫೋನ್ ಮಾಡಿ ‘ಮುಟ್ಟಿದೆವು’ ಎಂದೆ. ಆ ಕರೆಯ ಸಮಯ 8.21. ಗಾಡಿ ನಿಲ್ಲಿಸಲು ಜಾಗವಿಲ್ಲದೆ ಇಚ್ಚ ದೂರ ಹೋಗಬೇಕಾಯಿತು. ನಾನೊಬ್ಬಳೇ ಒಳಗೆ ಹೋದೆ.

ನಾನು ಹುಟ್ಟಿ ಬೆಳೆದದ್ದು ಪುತ್ತೂರಿನ ಕಡೆ. ಮದುವೆಯಾಗಿ ಈ ಗಡಿನಾಡಿಗೆ ಬಂದು ಐದು ವರ್ಷವಾಯಿತು. ಮಲಯಾಳ ಕೇಳಿದರೆ ಅರ್ಥವಾಗುತ್ತದೆ, ಅಂಗಡಿ, ಬಸ್ಸಿನ ಮಟ್ಟಿಗೆ ಮಾತೂ ಆಡುತ್ತೇನೆ. ಆದರೆ ಎದೆ ಹೊಡೆದುಕೊಳ್ಳುತ್ತಿರುವಾಗ ಬಾಯಿಗೆ ಬರುವುದು ಮನೆಯ ಮಾತೇ. ಕೌಂಟರಿನಲ್ಲಿದ್ದವರಿಗೆ ‘ಮಗುವಿಗೆ ಜ್ವರ ಇತ್ತು, ಸೆಳೆತ ಬಂತು, ಬೇಗ ಯಾರಾದರೂ ನೋಡಿ’ ಎಂದು ಕನ್ನಡದಲ್ಲಿಯೇ ಹೇಳಿದೆ. ಅವರಿಗೆ ಗೊತ್ತಿದ್ದ ಶಬ್ದ ಜ್ವರ ಒಂದೇ. ‘ಪನಿಯಲ್ಲೇ? ಚೀಟ್ಟ್ ಎಡುಕ್ಕಣಂ’ ಎಂದರು. ಜ್ವರ ತಾನೇ, ಚೀಟಿ ಮಾಡಿಸಬೇಕು ಎಂದು ಅರ್ಥ. ಅದು ಜ್ವರದ ಕಾಲ, ನನ್ನ ಮುಂದೆ ಏಳೆಂಟು ಜನ ಇದ್ದರು, ಅವರಲ್ಲಿ ಮೂವರ ಕೈಯಲ್ಲಿ ಮಕ್ಕಳು. ಎಲ್ಲರಿಗೂ ಜ್ವರವೇ. ನನ್ನ ಮಗಳು ಆ ಗಳಿಗೆಯಲ್ಲಿ ಸುಮ್ಮನೆ ನಿದ್ದೆ ಹೋದವಳಂತೆ ಇದ್ದಳು, ನೋಡಿದವರಿಗೆ ಅವಸರವೇನೂ ಕಾಣಿಸುವಂತಿರಲಿಲ್ಲ. ನಾನೂ ಸಾಲಿನಲ್ಲಿ ನಿಂತೆ. ನಾನೇಕೆ ನಿಂತೆ, ಅಲ್ಲಿಯೇ ಕೂಗಾಡಲಿಲ್ಲವೇಕೆ ಎಂಬ ಪ್ರಶ್ನೆ ಎಷ್ಟೋ ರಾತ್ರಿ ನನ್ನನ್ನು ಎಬ್ಬಿಸಿ ಕೂರಿಸಿದೆ.

ಯಜಮಾನರು ತಿರುಗಿ ಫೋನ್ ಮಾಡಿದ್ದು 8.24ಕ್ಕೆ. ಅದನ್ನು ಎತ್ತುವುದಕ್ಕೂ ತೋಳಿನಲ್ಲಿ ಮಗಳ ಮೈ ಬಿಗಿಯುವುದಕ್ಕೂ ಸರಿಯಾಯಿತು. ‘ಮತ್ತೆ ಬಂತು’ ಎಂದು ಕಿರುಚಿದೆ. ಪಕ್ಕದ ಸ್ಟೀಲಿನ ಬೆಂಚಿನ ಮೇಲೆ ಅವಳನ್ನು ಮಗ್ಗುಲಾಗಿ ಮಲಗಿಸಿದೆ. ಎಡಗಾಲು ಬಿಡದೆ ಅದುರುತ್ತಿತ್ತು, ಕಾಲಿನ ಬೆಳ್ಳಿಯ ಗೆಜ್ಜೆ ಬೆಂಚಿಗೆ ಬಡಿದು ಒಂದೇ ಸಮನೆ ಸದ್ದಾಗುತ್ತಿತ್ತು. ಸಾಲಿನಲ್ಲಿದ್ದವರು ಆ ಸದ್ದಿಗೆ ತಿರುಗಿ ನೋಡಿದರು. ಒಬ್ಬ ಹಿರಿಯರು ತಮ್ಮ ಸರದಿ ನನಗೆ ಬಿಟ್ಟುಕೊಟ್ಟರು. ಒಬ್ಬರು ನನ್ನ ಕೈಯಲ್ಲಿ ಬೀಗದ ಕೈ ಇಟ್ಟು ಮಗುವಿನ ಮುಷ್ಟಿಗೆ ಕೊಡಲು ಹೇಳಿದರು. ಪಾಪ, ಅವರಿಗೆ ತಿಳಿದ ಉಪಾಯ ಅದು, ಆದರೆ ಅದರಿಂದ ಏನೂ ಆಗುವುದಿಲ್ಲ. ಕೌಂಟರಿನವರು ಅವಸರ ಮಾಡಿದರು, ನಿಜ. ಅವರ ಅವಸರವೆಂದರೆ ಪ್ರಶ್ನೆಗಳನ್ನು ಬೇಗ ಬೇಗ ಕೇಳುವುದು. ಮಗುವಿನ ಹೆಸರು, ವಯಸ್ಸು, ತಂದೆಯ ಹೆಸರು, ಮನೆಯ ಹೆಸರು, ಫೋನ್ ನಂಬರು, ಪಿನ್ ಕೋಡು. ಮೊದಲು ಇಲ್ಲಿಗೆ ಬಂದಿದ್ದೀರಾ, ಕಾರ್ಡು ಇದೆಯಾ. ನಮ್ಮ ಮನೆಯ ಹೆಸರನ್ನು ನಾನು ಎರಡು ಸಲ ಅಕ್ಷರ ಬಿಡಿಸಿ ಹೇಳಿದೆ. ಪಿನ್ ಕೋಡು ನೆನಪಾಗಲಿಲ್ಲ. ಕಂಪ್ಯೂಟರ್ ಅದಿಲ್ಲದೆ ಮುಂದೆ ಹೋಗಲಿಲ್ಲ.

ಇಚ್ಚ ನೆನೆದುಕೊಂಡು ಓಡಿ ಬಂದದ್ದು ಆಗ. ಮಗುವನ್ನು ನೋಡಿದವರೇ ಒಳಗಿನ ಬಾಗಿಲು ತಳ್ಳಿ ‘ಕುಟ್ಟಿಕ್ಕ್ ಅಪಸ್ಮಾರಂ’ ಎಂದು ಕೂಗಿದರು. ಮಗುವಿಗೆ ಸೆಳೆತ ಎಂದು ಅರ್ಥ. ಎರಡೇ ಶಬ್ದ. ಒಳಗಿನಿಂದ ವಯಸ್ಸಾದ ಒಬ್ಬ ಸಿಸ್ಟರ್ ಓಡಿ ಬಂದು, ಚೀಟಿ ಎಲ್ಲಿದೆ ಎಂದು ಕೇಳದೆ, ನನ್ನ ಮುಖವನ್ನೂ ನೋಡದೆ ಮಗುವನ್ನು ಬಾಚಿಕೊಂಡು ಹೋದರು. ಚೀಟಿಯನ್ನು ಇಚ್ಚ ಆಮೇಲೆ ತಂದರು. ಅದರ ಮೇಲೆ ಅಚ್ಚಾಗಿದ್ದ ಸಮಯವೇ ಆ 8.37. ಮೂಗಿಗೆ ಔಷಧ ಬಿಟ್ಟ ಎರಡು ಮೂರು ನಿಮಿಷದಲ್ಲಿ ಗೆಜ್ಜೆಯ ಸದ್ದು ನಿಂತಿತು. ಅದೇ ರಾತ್ರಿ ಮಂಗಳೂರಿಗೆ ಕಳುಹಿಸಿದರು, ನಾಲ್ಕು ದಿನ ಅಲ್ಲಿದ್ದೆವು. ಈಗ ಮಗಳು ಚೆನ್ನಾಗಿದ್ದಾಳೆ, ಓಡಾಡುತ್ತಾಳೆ, ಮಾತಾಡುತ್ತಾಳೆ.

‘ಮಗು ಚೆನ್ನಾಗಿದೆಯಲ್ಲ, ದೇವರು ದೊಡ್ಡವನು, ಇನ್ನೇಕೆ ಈ ಗಲಾಟೆ’ ಎಂದು ಹತ್ತಿರದವರೇ ಕೇಳುತ್ತಾರೆ. ಅವರ ಕಾಳಜಿ ನನಗೆ ಅರ್ಥವಾಗುತ್ತದೆ. ಆದರೆ ಮಗಳು ಉಳಿದದ್ದು ಆ 16 ನಿಮಿಷಗಳಿಗೆ ಸಿಕ್ಕ ಒಪ್ಪಿಗೆಯಲ್ಲ. ಜ್ವರದ ಸೆಳೆತ ಆರು ತಿಂಗಳಿಂದ ಐದು ವರ್ಷದವರೆಗಿನ ಮಕ್ಕಳಲ್ಲಿ ಅಪರೂಪದ್ದೇನೂ ಅಲ್ಲ, ನೂರರಲ್ಲಿ ಎರಡರಿಂದ ಐದು ಮಕ್ಕಳಿಗೆ ಬರುತ್ತದೆ, ಹೆಚ್ಚಿನವರಿಗೆ ಕೆಲವೇ ನಿಮಿಷದಲ್ಲಿ ತಾನಾಗಿ ನಿಲ್ಲುತ್ತದೆ ಮತ್ತು ಮುಂದೆ ತೊಂದರೆ ಕೊಡುವುದಿಲ್ಲ ಎಂದು ಮಂಗಳೂರಿನ ಮಕ್ಕಳ ವೈದ್ಯರು ಸಮಾಧಾನವಾಗಿ ವಿವರಿಸಿದರು. ಜೊತೆಗೆ ಇನ್ನೊಂದು ಮಾತನ್ನೂ ಹೇಳಿದರು: ಐದು ನಿಮಿಷ ದಾಟಿಯೂ ನಿಲ್ಲದ ಸೆಳೆತವನ್ನು ಔಷಧ ಕೊಟ್ಟೇ ನಿಲ್ಲಿಸಬೇಕು, ತಡವಾದಷ್ಟೂ ಮೊದಲ ಔಷಧಕ್ಕೆ ಅದು ಬಗ್ಗುವುದು ಕಷ್ಟವಾಗುತ್ತದೆ. ಆ ಔಷಧಕ್ಕೆ ದೊಡ್ಡ ಯಂತ್ರ ಬೇಡ, ಐ.ಸಿ.ಯು. ಬೇಡ, ರಕ್ತನಾಳ ಹುಡುಕುವುದೂ ಬೇಡ. ಮೂಗಿಗೆ ಬಿಡುವ ಮಿಡಜೋಲಾಮ್. ನನ್ನ ಮಗಳು ಅದುರುತ್ತಿದ್ದ ಬೆಂಚಿನಿಂದ ಹದಿನೈದು ಹೆಜ್ಜೆ ದೂರದ ಕಪಾಟಿನಲ್ಲಿ ಅದು ಆಗಲೂ ಇತ್ತು.

ನಾವು ಕಾಸರಗೋಡಿನವರು ಆಸ್ಪತ್ರೆಯ ವಿಷಯ ಬಂದರೆ ಕಿಲೋಮೀಟರು ಎಣಿಸಿ ರೂಢಿಯಾದವರು. ಅದಕ್ಕೆ ಕಾರಣಗಳಿವೆ. 2020ರ ಮಾರ್ಚಿನಲ್ಲಿ ತಲಪಾಡಿಯಲ್ಲಿ ಗಡಿ ಮುಚ್ಚಿ, ಒಳದಾರಿಗಳಿಗೆ ಮಣ್ಣು ಸುರಿದಾಗ, ಮಂಗಳೂರಿಗೆ ಹೋಗಲಾಗದೆ ಈ ಜಿಲ್ಲೆಯ ರೋಗಿಗಳು ದಾರಿಯಲ್ಲಿ ಜೀವ ಬಿಟ್ಟದ್ದನ್ನು ಇಲ್ಲಿ ಯಾರೂ ಮರೆತಿಲ್ಲ. ತುರ್ತು ಚಿಕಿತ್ಸೆಗೆ ಹೋಗುವವರ ದಾರಿ ತೆರವು ಮಾಡಿಸಬೇಕೆಂದು ಎಪ್ರಿಲ್ 1ರಂದು ಕೇರಳ ಹೈಕೋರ್ಟು ಕೇಂದ್ರ ಸರಕಾರಕ್ಕೆ ಹೇಳಬೇಕಾಯಿತು. ನಮ್ಮದೇ ಜಿಲ್ಲೆಯ ಉಕ್ಕಿನಡ್ಕದ ವೈದ್ಯಕೀಯ ಕಾಲೇಜಿಗೆ ಶಿಲಾನ್ಯಾಸವಾದದ್ದು 2013ರ ನವೆಂಬರಿನಲ್ಲಿ, ಮೊದಲ ಎಂ.ಬಿ.ಬಿ.ಎಸ್. ತಂಡಕ್ಕೆ ಅನುಮತಿ ಸಿಕ್ಕಿದ್ದು 2025ರಲ್ಲಿ. ಆದ್ದರಿಂದ ನನ್ನ ಕಥೆ ಕೇಳಿದವರೆಲ್ಲ ‘ಏನು ಮಾಡುವುದು, ನಮ್ಮದು ದೂರದ ಊರು, ಮೊದಲೇ ಮಂಗಳೂರಿಗೆ ಹೋಗಬೇಕಿತ್ತು’ ಎನ್ನುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ. ಆ ರಾತ್ರಿ ದೂರವನ್ನು ಇಚ್ಚ ಗೆದ್ದಿದ್ದರು. ಔಷಧ ಇತ್ತು, ವೈದ್ಯರಿದ್ದರು, ಕೈ ಪಳಗಿದ ಸಿಸ್ಟರ್ ಇದ್ದರು. ಮಗುವಿಗೂ ಅವರಿಗೂ ನಡುವೆ ಇದ್ದದ್ದು ಒಂದು ಚೀಟಿ ಮತ್ತು ಒಂದು ಶಬ್ದ. ದೂರದ ಮೇಲೆ ಹಾಕಿಬಿಟ್ಟರೆ ಇದನ್ನು ಯಾರೂ ಸರಿಮಾಡಬೇಕಾಗಿಯೇ ಇಲ್ಲ.

ಚೀಟಿಯ ವಿಷಯದಲ್ಲಿ ನಾನು ಹೊಸದೇನನ್ನೂ ಕೇಳುತ್ತಿಲ್ಲ. ಅಪಘಾತದಲ್ಲಿ ಗಾಯಗೊಂಡ ಸ್ಕೂಟರ್ ಸವಾರನೊಬ್ಬನನ್ನು ಹತ್ತಿರದ ಆಸ್ಪತ್ರೆ ಸೇರಿಸಿಕೊಳ್ಳದೆ, ಪೊಲೀಸ್ ಪ್ರಕರಣ ನೋಡುವ ಅಧಿಕಾರವಿದ್ದ 20 ಕಿಲೋಮೀಟರು ದೂರದ ಇನ್ನೊಂದಕ್ಕೆ ಕಳುಹಿಸಿ, ಆತ ದಾರಿಯಲ್ಲಿಯೇ ತೀರಿಕೊಂಡ ವರದಿಯಿಂದ ಹುಟ್ಟಿದ ಪರಮಾನಂದ ಕಟಾರಾ ಪ್ರಕರಣದಲ್ಲಿ, ಜೀವ ಉಳಿಸುವುದು ಮೊದಲು, ಕಾನೂನಿನ ವಿಧಿವಿಧಾನಗಳು ಆಮೇಲೆ ಎಂದು ಸುಪ್ರೀಂ ಕೋರ್ಟು 1989ರಲ್ಲಿಯೇ ಹೇಳಿದೆ. ರೈಲಿನಿಂದ ಬಿದ್ದ ಪಶ್ಚಿಮ ಬಂಗಾಳದ ಕೃಷಿ ಕಾರ್ಮಿಕನನ್ನು ಒಂದರ ಮೇಲೊಂದು ಸರಕಾರಿ ಆಸ್ಪತ್ರೆಗಳು ತಿರುಗಿ ಕಳುಹಿಸಿದ ಪ್ರಕರಣದಲ್ಲಿ, ಸಮಯಕ್ಕೆ ಸರಿಯಾಗಿ ಚಿಕಿತ್ಸೆ ಸಿಗದಿರುವುದು ಸಂವಿಧಾನದ 21ನೇ ವಿಧಿಯ ಉಲ್ಲಂಘನೆ ಎಂದು 1996ರಲ್ಲಿ ಅದೇ ನ್ಯಾಯಾಲಯ ಹೇಳಿತು. ಕೇರಳದಲ್ಲಿ 2018ರ ಕ್ಲಿನಿಕಲ್ ಎಸ್ಟಾಬ್ಲಿಷ್‌ಮೆಂಟ್ಸ್ ಕಾಯಿದೆ ಇದೆ. ಮುಂಗಡ ಹಣವಿಲ್ಲ, ದಾಖಲೆಯಿಲ್ಲ ಎಂಬ ಕಾರಣಕ್ಕೆ ತುರ್ತು ಚಿಕಿತ್ಸೆಯನ್ನು ನಿರಾಕರಿಸಬಾರದೆಂದು 2025ರ ನವೆಂಬರಿನಲ್ಲಿ ಇಲ್ಲಿನ ಹೈಕೋರ್ಟು ಅದರ ಆಧಾರದಲ್ಲಿ ಸ್ಪಷ್ಟಪಡಿಸಿದೆ. ನಮಗೆ ಯಾರೂ ನಿರಾಕರಿಸಲಿಲ್ಲವಲ್ಲ ಎನ್ನಬಹುದು. ಹೌದು, ನಿರಾಕರಿಸಲಿಲ್ಲ, ಪಿನ್ ಕೋಡು ಕೇಳಿದರು. ಸೆಳೆತದಲ್ಲಿರುವ ಮಗುವಿನ ಪಾಲಿಗೆ ಎರಡಕ್ಕೂ ಏನು ವ್ಯತ್ಯಾಸ?

ಕೌಂಟರಿನ ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಒಂದೇ ಕಂಪ್ಯೂಟರಿನಲ್ಲಿ ಜ್ವರದವರು, ಗಾಯದವರು, ಹೆರಿಗೆಯವರು ಎಲ್ಲರ ಚೀಟಿಯನ್ನೂ ಅವನೇ ಮಾಡಬೇಕಿತ್ತು. ಒಳಗೆ ಒಬ್ಬರೇ ವೈದ್ಯರು, ಅವರ ಕೈಯಲ್ಲಿ ಅಪಘಾತದ ಗಾಯಾಳು. ಯಾರು ಮೊದಲು ಒಳಗೆ ಹೋಗಬೇಕು ಎಂದು ನಿರ್ಧರಿಸುವುದು ಚೀಟಿ ಬರೆಯುವವನ ಕೆಲಸವಲ್ಲ, ಅದನ್ನು ಅವನಿಗೆ ಯಾರೂ ಕಲಿಸಿಯೂ ಇಲ್ಲ. ಮಕ್ಕಳ ತುರ್ತು ವಿಂಗಡಣೆಗೆ ವಿಶ್ವ ಆರೋಗ್ಯ ಸಂಸ್ಥೆ ಸಿದ್ಧಪಡಿಸಿದ ಕ್ರಮದಲ್ಲಿ, ಉಸಿರಾಟದ ತೊಂದರೆ, ಪ್ರಜ್ಞೆ ತಪ್ಪಿರುವುದು, ಸೆಳೆತ ಮುಂತಾದ ಲಕ್ಷಣಗಳಿರುವ ಮಗುವನ್ನು ಬಂದ ಕೂಡಲೇ, ನೋಂದಣಿಗೂ ಮೊದಲು, ನೋಡಬೇಕೆಂದಿದೆ. ಅದಕ್ಕೆ ಬೇಕಾದದ್ದು ಬಾಗಿಲಿನಲ್ಲಿ ತರಬೇತಿ ಪಡೆದ ಒಬ್ಬರು. ವೈದ್ಯರೇ ಆಗಬೇಕೆಂದಿಲ್ಲ.

ಇನ್ನು ಶಬ್ದದ ವಿಷಯ. ಇದನ್ನು ಭಾಷಾಭಿಮಾನದ ಜಗಳವಾಗಿ ದಯವಿಟ್ಟು ಯಾರೂ ಓದಬೇಡಿ. ನನ್ನ ಮಗಳನ್ನು ಆಸ್ಪತ್ರೆಗೆ ಮುಟ್ಟಿಸಿದವರು ಮಲಯಾಳ ಮನೆಮಾತಿನವರು, ಎತ್ತಿಕೊಂಡು ಓಡಿದವರೂ ಮಲಯಾಳಿ. ಆದರೆ ಕನ್ನಡ, ತುಳು ಆಡುವವರು ದಿನವೂ ಬರುವ ಜಿಲ್ಲೆಯ ಆಸ್ಪತ್ರೆಯೊಂದರ ಬಾಗಿಲಿನಲ್ಲಿ ಇರುವವರಿಗೆ ಸೆಳೆತ, ಉಸಿರುಗಟ್ಟುವುದು, ಹಾವು ಕಚ್ಚಿದ್ದು, ಎಚ್ಚರ ತಪ್ಪಿದ್ದು ಎಂಬ ಹತ್ತಿಪ್ಪತ್ತು ಶಬ್ದಗಳು ಗೊತ್ತಿರಬೇಕೆಂದು ಬಯಸುವುದು ಅತಿಯಾಸೆಯಲ್ಲ. ತೆಂಕಣ ಜಿಲ್ಲೆಗಳಿಂದ ಕೆಲಸಕ್ಕೆ ಬರುವವರಿಗೆ ಮೊದಲ ದಿನವೇ ಒಂದು ಹಾಳೆ ಕೊಟ್ಟರೆ ಸಾಕು. ರಾಜ್ಯದ 1969ರ ಅಧಿಕೃತ ಭಾಷಾ ಕಾಯಿದೆಯೇ ಇಲ್ಲಿನ ಕನ್ನಡಿಗರಿಗೆ ಸರಕಾರದೊಂದಿಗೆ ಕನ್ನಡದಲ್ಲಿ ಪತ್ರ ವ್ಯವಹಾರ ಮಾಡುವ ಹಕ್ಕನ್ನು ಕೊಟ್ಟಿದೆ. ಕಾಗದಕ್ಕೆ ಇರುವ ಹಕ್ಕು ಕೂಗಿಗೂ ಇರಬೇಡವೇ?

ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ, ಕಾರಡ್ಕ, ಮುಳಿಯಾರು, ಹೀಗೆ ಗೇರು ತೋಟಗಳ ಮೇಲೆ ವರ್ಷಗಟ್ಟಲೆ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದ ಊರುಗಳ ತಾಯಂದಿರ ನೆನಪು ಈ ದಿನಗಳಲ್ಲಿ ನನಗೆ ಮತ್ತೆ ಮತ್ತೆ ಬರುತ್ತದೆ. ನನಗೆ ಬಂದದ್ದು ಒಂದು ರಾತ್ರಿ. ಸೆಳೆತವಿರುವ ಮಕ್ಕಳನ್ನು ಇಪ್ಪತ್ತು ವರ್ಷ ಸಾಕಿದವರು ಅವರಲ್ಲಿದ್ದಾರೆ. ಆ ವಿಷಕ್ಕೆ ತುತ್ತಾದವರಿಗೆ ಐದು ಲಕ್ಷ ರೂಪಾಯಿ ಪರಿಹಾರವನ್ನು ಮೂರು ತಿಂಗಳಲ್ಲಿ ಕೊಡಬೇಕೆಂದು ಸುಪ್ರೀಂ ಕೋರ್ಟು 2017ರ ಜನವರಿಯಲ್ಲಿ ಹೇಳಿದ ಮೇಲೂ ಅವರು ಅದಕ್ಕಾಗಿ ವರ್ಷಗಳ ಕಾಲ ಅಲೆಯಬೇಕಾಯಿತು. ಎಷ್ಟು ರಾತ್ರಿ, ಎಷ್ಟು ಕೌಂಟರುಗಳ ಮುಂದೆ ಅವರು ಮನೆಯ ಹೆಸರು ಬಿಡಿಸಿ ಹೇಳಿರಬಹುದು.

ಎರಡನೆಯ ಪತ್ರವನ್ನು ಸೋಮವಾರ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿದ್ದೇವೆ. ಯಾರ ಮೇಲೂ ಕ್ರಮ ಬೇಕೆಂದು ಅದರಲ್ಲಿ ಕೇಳಿಲ್ಲ. ಕೇಳಿದ್ದು ಮುಖ್ಯವಾಗಿ ಒಂದೇ: ತುರ್ತು ವಿಭಾಗದ ಬಾಗಿಲಿನಲ್ಲಿ ಒಂದು ಪುಸ್ತಕವಿರಲಿ, ರೋಗಿ ಬಾಗಿಲು ದಾಟಿದ ಸಮಯವನ್ನು ಅಲ್ಲಿ ನಿಂತವರು ಪೆನ್ನಿನಲ್ಲಿ ಬರೆಯಲಿ, ಹೆಸರು ಆಮೇಲೆ ಸೇರಿಸಲಿ. ಹಾಗೆ ಬರೆದಿದ್ದರೆ ನಮಗೆ ಬಂದ ಉತ್ತರ ಬೇರೆಯೇ ಇರುತ್ತಿತ್ತು. ವಿಳಂಬವನ್ನು ಚೀಟಿಯಿಂದ ಅಳೆಯಲು ಶುರುಮಾಡಿದರೆ ಚೀಟಿ ಸಿಗುವ ಮೊದಲೇ ಸತ್ತವರು ಆಸ್ಪತ್ರೆಗೆ ಬಂದೇ ಇಲ್ಲವೆಂದಾಗುತ್ತದೆ.

ಈ ಜಿಲ್ಲೆಯಲ್ಲಿ ಬೇರೆಯವರಿಗೂ ಹೀಗಾಗಿದ್ದರೆ, ಮುಟ್ಟಿದ ಸಮಯ ತೋರಿಸುವ ಫೋನ್ ಕರೆಯ ದಾಖಲೆ, ಚೀಟಿ, ಏನಿದ್ದರೂ ಜೋಪಾನವಾಗಿ ಇಟ್ಟುಕೊಳ್ಳಿ. ನಮ್ಮ ಚೀಟಿಯ ಅಕ್ಷರಗಳು ಈಗಾಗಲೇ ಮಾಸತೊಡಗಿವೆ. ಮೊನ್ನೆ ಮುಳ್ಳೇರಿಯದಲ್ಲಿ ಅದರ ನಾಲ್ಕು ಜೆರಾಕ್ಸ್ ಮಾಡಿಸಿದೆವು, ಒಂದನ್ನು ಪತ್ರಕ್ಕೆ ಲಗತ್ತಿಸಿದ್ದೇವೆ, ಒಂದು ಇಚ್ಚನ ಮನೆಯಲ್ಲಿದೆ.