ದಿಢೀರ್ ಭೇಟಿ, ನಾಳೆ ಹನ್ನೊಂದು ಗಂಟೆಗೆ

ಇವತ್ತು ಬೆಳಿಗ್ಗೆ ನಮ್ಮೂರ ಸರ್ಕಾರಿ ಆಸ್ಪತ್ರೆಯ ಬಾಗಿಲಲ್ಲಿ ರಂಗೋಲಿ ಇತ್ತು. ಹಬ್ಬವಿಲ್ಲ, ಹುಣ್ಣಿಮೆಯಿಲ್ಲ, ಬರೀ ಮಂಗಳವಾರ. ಆಗಲೇ ನನ್ನ ಮೂಗು ಚುರುಕಾಯಿತು. ಒಳಗೆ ಕಾಲಿಟ್ಟರೆ ಬ್ಲೀಚಿಂಗ್ ಪೌಡರಿನ ಘಾಟು. ಮಂಚಗಳ ಮೇಲೆಲ್ಲ ಹೊಸ ಬೆಡ್‌ಶೀಟು, ಮಡಿಕೆಯ ಗೆರೆ ಇನ್ನೂ ಹೋಗಿಲ್ಲ. ವರ್ಷದಿಂದ ಬೀಗ ಜಡಿದಿದ್ದ ಹೆಂಗಸರ ಶೌಚಾಲಯದ ಬಾಗಿಲು ತೆರೆದಿದೆ, ಒಳಗೆ ಬಕೆಟ್ಟು, ಮಗ್ಗು! ಕಾರಿಡಾರಿನಲ್ಲಿ ಎರಡು ಕ್ರೋಟನ್ ಗಿಡದ ಕುಂಡ ಬೇರೆ.

'ಏನ್ ಸಿಸ್ಟರ್, ಯಾರು ಬರ್ತಿದ್ದಾರೆ?' ಅಂದೆ.

'ದಿಢೀರ್ ಭೇಟಿ ಮೇಡಂ. ಹನ್ನೊಂದಕ್ಕಂತೆ. ನಿನ್ನೆ ಮಧ್ಯಾಹ್ನವೇ ಗ್ರೂಪಿಗೆ ಮೆಸೇಜ್ ಬಂತು.'

ಟೈಮ್ ಸಮೇತ ತಿಳಿಸಿ ಬರುವ ದಿಢೀರ್ ಭೇಟಿ. ನಾನು ನಕ್ಕೆ, ಅವರು ನಗಲಿಲ್ಲ. ಪಾಪ, ರಾತ್ರಿ ಪಾಳಿ ಮುಗಿಸಿದವರನ್ನೂ ಮನೆಗೆ ಬಿಟ್ಟಿರಲಿಲ್ಲ.

ನಾನು ಅಲ್ಲಿಗೆ ಯಾಕೆ ಹೋಗಿದ್ದೆ ಅಂದರೆ, ನಮ್ಮ ಮನೆಗೆ ಹಾಲು ಹಾಕುವ ಅಜ್ಜಿಯ ಮೊಮ್ಮಗನಿಗೆ ಕಳೆದ ಮಂಗಳವಾರ ನಾಯಿ ಕಚ್ಚಿತು. ಮೂರನೇ ಕ್ಲಾಸಿನ ಹುಡುಗ. ಅಪ್ಪ ಅಮ್ಮ ಇಬ್ಬರೂ ಗಾರ್ಮೆಂಟ್ಸಿಗೆ ಹೋಗುವವರು, ರಜೆ ಹಾಕಿದರೆ ಸಂಬಳ ಕಟ್. ನಾಯಿ ಕಡಿತದ ಇಂಜೆಕ್ಷನ್ ಚರ್ಮಕ್ಕೆ ಕೊಡುವುದಾದರೆ ಕಚ್ಚಿದ ದಿನ, ಆಮೇಲೆ ಮೂರನೇ ದಿನ, ಏಳನೇ ದಿನ, ಇಪ್ಪತ್ತೆಂಟನೇ ದಿನ. ಮೊದಲ ದಿನ ಹೋದಾಗ 'ಇನ್ನೂ ಇಬ್ಬರು ಬರಲಿ, ವೈಲ್ (ಮದ್ದಿನ ಪುಟ್ಟ ಬಾಟಲಿ) ಒಡೀತೀವಿ' ಅಂತ ಒಂದೂವರೆ ಗಂಟೆ ಕೂರಿಸಿದರು. ಅದಕ್ಕೆ ನನಗೆ ಸಿಟ್ಟಿಲ್ಲ. ಒಂದು ವೈಲಿನಲ್ಲಿ ನಾಲ್ಕೈದು ಜನಕ್ಕಾಗುತ್ತದೆ, ಒಡೆದ ಮೇಲೆ ಕೆಲವೇ ಗಂಟೆಯಲ್ಲಿ ಮುಗಿಸಬೇಕು, ಇಲ್ಲದಿದ್ದರೆ ಚೆಲ್ಲಬೇಕು. ಕೊರತೆ ಇರುವ ಕಡೆ ಅದು ಸರಿಯಾದ ಲೆಕ್ಕವೇ. ಸಿಟ್ಟು ಬಂದದ್ದು ಶುಕ್ರವಾರ. 'ಸ್ಟಾಕ್ ಇಲ್ಲ, ಹೊರಗಿಂದ ತಂದುಕೊಡಿ' ಅಂದರು. ಮೆಡಿಕಲ್ ಶಾಪಿನಿಂದ ನಾನೇ ತಂದುಕೊಟ್ಟೆ. ಅಜ್ಜಿ ಆ ದುಡ್ಡನ್ನು ಹಾಲಿನ ಲೆಕ್ಕದಲ್ಲಿ ಮುರಿದುಕೊಳ್ಳಿ ಅಂತ ಇನ್ನೂ ಜಗಳ ಆಡುತ್ತಿದ್ದಾಳೆ.

ಇವತ್ತು ನೋಡಿದರೆ ಸ್ಟಾಕ್ ಇದೆ! ಫ್ರಿಜ್ಜಿನಲ್ಲಿ ಸಾಲಾಗಿ ಜೋಡಿಸಿಟ್ಟಿದ್ದಾರೆ. ಪಕ್ಕದ ಪ್ರಾಥಮಿಕ ಆರೋಗ್ಯ ಕೇಂದ್ರದಿಂದ (ಪಿಎಚ್‌ಸಿ) ಹತ್ತು ವೈಲ್ ತರಿಸಿದ್ದರಂತೆ. ಸಂಜೆ ಉಳಿದದ್ದನ್ನು ವಾಪಸ್ ಕೊಡಬೇಕಂತೆ. ಮದುವೆ ಮನೆಗೆ ಪಾತ್ರೆ ತಂದ ಹಾಗೆ.

ಹನ್ನೊಂದಕ್ಕೆ ಬರುತ್ತೇವೆ ಅಂದವರು ಹನ್ನೆರಡೂಕಾಲಿಗೆ ಬಂದರು. ಯಾರು ಅಂತ ಬರೆಯುವುದಿಲ್ಲ, ಕೇಳಲೂ ಬೇಡಿ. ದೊಡ್ಡವರು, ಅಷ್ಟೇ. ಹಿಂದೆ ಮುಂದೆ ಇಪ್ಪತ್ತು ಜನ, ಅದರಲ್ಲಿ ಅರ್ಧ ಮೊಬೈಲ್ ಎತ್ತಿಹಿಡಿದವರು. ಬಂದವರೇ ವಾರ್ಡಿಗೆ ಹೋದರು, ಗೋಡೆ ಮೂಲೆಯಲ್ಲಿ ಜೇಡರ ಬಲೆ ಕಂಡಿತು, ಎದುರಿಗೆ ಸಿಕ್ಕ ನರ್ಸನ್ನು ಹಿಡಿದುಕೊಂಡು ಝಾಡಿಸಿದರು. 'ನಿಮ್ಮ ಮನೇನ ಹಿಂಗೇ ಇಟ್ಕೋತೀರಾ? ಸಸ್ಪೆಂಡ್ ಮಾಡ್ತೀನಿ!' ಆಕೆ ಹೊರಗುತ್ತಿಗೆಯವಳು ಸ್ವಾಮಿ. ಸಸ್ಪೆಂಡ್ ಆಗಬೇಕಾದರೆ ಮೊದಲು ಕೆಲಸ ಕಾಯಂ ಆಗಬೇಕಲ್ಲ? 'ಡಾಕ್ಟರ್ ಎಲ್ಲಿ?' ಅಂತ ಮುಂದಿನ ಗರ್ಜನೆ. ಡಾಕ್ಟರ್ ಕೋರ್ಟಿನಲ್ಲಿದ್ದರು, ಯಾವುದೋ ಹೊಡೆದಾಟದ ಕೇಸಿನಲ್ಲಿ ಗಾಯದ ಸರ್ಟಿಫಿಕೇಟ್ ಕೊಟ್ಟಿದ್ದಕ್ಕೆ ಸಾಕ್ಷಿ ಹೇಳಲು. ಅದನ್ನು ಹೇಳುವಷ್ಟರಲ್ಲಿ ಗುಂಪು ಮುಂದೆ ಹೋಗಿಯಾಗಿತ್ತು. ಹದಿನೆಂಟು ನಿಮಿಷ. ನಾನು ಗಡಿಯಾರ ನೋಡಿಕೊಂಡೇ ಇದ್ದೆ, ಮೇಷ್ಟ್ರ ಚಾಳಿ.

ಹದಿನೆಂಟು ನಿಮಿಷದಲ್ಲಿ ಒಂದೇ ಒಂದು ರಿಜಿಸ್ಟರ್ ತೆರೆಯಲಿಲ್ಲ. ನನ್ನ ತಕರಾರು ಇಷ್ಟೇ, ಬೇಕಿದ್ದರೆ ಇನ್ನೂ ನಾಲ್ಕು ಸಲ ಹೇಳುತ್ತೇನೆ. ಸ್ಟಾಕ್ ಪುಸ್ತಕ ಕೇಳಲಿಲ್ಲ. ಕೇಳಿದ್ದರೆ ಶುಕ್ರವಾರದ ಎದುರಿಗೆ ಸೊನ್ನೆ ಕಾಣುತ್ತಿತ್ತು. ಇಂಡೆಂಟ್ (ಬೇಡಿಕೆ ಪಟ್ಟಿ) ಯಾವತ್ತು ಹಾಕಿದ್ದೀರಿ, ಉಗ್ರಾಣದಿಂದ ಎಷ್ಟು ಬಂತು, ಉಳಿದದ್ದು ಯಾಕೆ ಬರಲಿಲ್ಲ ಅಂತ ಕೇಳಲಿಲ್ಲ. ಆರೋಗ್ಯ ರಕ್ಷಾ ಸಮಿತಿಯ ಸಭೆ ಕೊನೆಗೆ ಆದದ್ದು ಯಾವಾಗ ಅಂತಲೂ ಕೇಳಲಿಲ್ಲ. ಕೇಳಿದ್ದರೆ ಮುಜುಗರ ಬೇರೆಯವರಿಗೆ ಆಗುತ್ತಿತ್ತು. ತಾಲ್ಲೂಕು ಆಸ್ಪತ್ರೆಯಲ್ಲಿ ಆ ಸಮಿತಿಗೆ ಅಧ್ಯಕ್ಷರು ಶಾಸಕರೇ. ನಾವು ಓಪಿಡಿ ಚೀಟಿಗೆ ಕೊಡುವ ದುಡ್ಡು ಎಲ್ಲಿ ಖರ್ಚಾಗಬೇಕು ಅಂತ ತೀರ್ಮಾನ ಮಾಡುವ ಜಾಗ ಅದು. ಮೇಲ್ವಿಚಾರಣೆಗೆ ಅಂತಲೇ ಕಾಗದದ ಮೇಲೆ ಇಷ್ಟೆಲ್ಲ ಇದೆ. ಯಾರೂ ಅದನ್ನು ಮುಟ್ಟುವುದಿಲ್ಲ. ಯಾಕಂದರೆ ರಿಜಿಸ್ಟರ್ ಓದುವ ವಿಡಿಯೋ ಯಾರು ನೋಡುತ್ತಾರೆ? ನರ್ಸ್ ಕಣ್ಣಲ್ಲಿ ನೀರು ಬರಬೇಕು, ಆಗ ಲೈಕು.

ನಮ್ಮಮ್ಮ ಮೂವತ್ತೆರಡು ವರ್ಷ ಎಎನ್‌ಎಂ, ಅಂದರೆ ಹಳ್ಳಿಯ ಆರೋಗ್ಯ ಸಹಾಯಕಿ, ಆಗಿದ್ದದ್ದು ನಿಮ್ಮಲ್ಲಿ ಹಳಬರಿಗೆಲ್ಲ ಗೊತ್ತು. ಅವರ ಕಾಲದಲ್ಲೂ ತಪಾಸಣೆ ಇತ್ತು. ಹಿರಿಯ ಆರೋಗ್ಯ ಸಹಾಯಕಿ ಒಬ್ಬರು ಕೆಂಪು ಬಸ್ಸಿನಲ್ಲಿ ಬಂದು ಇಳಿಯುತ್ತಿದ್ದರು, ತೆಳ್ಳಗೆ, ಕೈಯಲ್ಲಿ ಒಂದು ಛತ್ರಿ. ಧ್ವನಿ ಎತ್ತಿದ್ದನ್ನು ನಾನು ಕೇಳಿಯೇ ಇಲ್ಲ. ನಮ್ಮ ಮನೆ ಜಗಲಿಯಲ್ಲಿ ಕೂತು ಅಮ್ಮನ ರಿಜಿಸ್ಟರ್ ಬಿಚ್ಚಿ ಐದು ಹೆಸರು ಆರಿಸುತ್ತಿದ್ದರು. 'ನಡಿ, ಈ ಐದು ಮನೆಗೆ ಹೋಗೋಣ.' ಆ ಐದು ಮನೆಯಲ್ಲಿ ಮಗುವಿನ ತೋಳಿನ ಮೇಲೆ ಬಿಸಿಜಿ ಗುರುತು ಇದೆಯಾ, ಬಸುರಿಗೆ ಕಬ್ಬಿಣದ ಮಾತ್ರೆ ಸಿಕ್ಕಿದೆಯಾ, ತಿಂದಳಾ ಇಲ್ಲಾ ಅಟ್ಟದ ಮೇಲೆ ಇಟ್ಟಳಾ, ಎಲ್ಲ ನೋಡುತ್ತಿದ್ದರು. ಅಮ್ಮ ಜನ್ಮದಲ್ಲಿ ಹೆದರಿದ್ದು ಆ ಛತ್ರಿಗೆ ಮಾತ್ರ, ನಮ್ಮಪ್ಪನಿಗೂ ಹೆದರಿದವರಲ್ಲ.

ಈಗ ಕಾಮೆಂಟಿಗೆ ಯಾರು ಬರುತ್ತಾರೆ, ಏನು ಬರೆಯುತ್ತಾರೆ ಅಂತ ನನಗೆ ಗೊತ್ತು. 'ಟೀಚರ್, ಏನೇ ಹೇಳಿ, ಭಯ ಇರಬೇಕು. ದೊಡ್ಡವರು ಬಂದ ನೆಪದಲ್ಲಾದರೂ ಒಂದು ದಿನ ಕ್ಲೀನ್ ಆಯ್ತಲ್ಲ.' ಆಯ್ತಪ್ಪ. ಆ ಒಂದು ದಿನ ಆಸ್ಪತ್ರೆ ಸೇರಿದವರ ಪುಣ್ಯ, ಉಳಿದವರ ಗ್ರಹಚಾರ. ರಾಜ್ಯದಲ್ಲಿ 146 ತಾಲ್ಲೂಕು ಆಸ್ಪತ್ರೆ, ಎರಡು ಸಾವಿರಕ್ಕೂ ಹೆಚ್ಚು ಪ್ರಾಥಮಿಕ ಆರೋಗ್ಯ ಕೇಂದ್ರ ಇವೆ. ಯಾವ ದೊಡ್ಡವರು, ಎಷ್ಟು ದಿನಕ್ಕೊಮ್ಮೆ, ಎಷ್ಟು ಕುಂಡ ಹೊತ್ತುಕೊಂಡು ಸುತ್ತಬೇಕು? ಹಾಂ, ಉಪಲೋಕಾಯುಕ್ತರು ಹೋದ ಕಡೆ ಕಡತ ತರಿಸುತ್ತಾರೆ, ಸ್ವಯಂಪ್ರೇರಿತ ದೂರು ದಾಖಲಾಗುತ್ತದೆ, ಅದಕ್ಕೊಂದು ಕಾಯ್ದೆಯ ಬಲ ಇದೆ. ಅದನ್ನು ಇದರ ಜೊತೆ ಸೇರಿಸುತ್ತಿಲ್ಲ. ಆದರೆ ನಾಯಿ ಕಡಿತದ ಇಂಜೆಕ್ಷನ್ ಇದೆಯಾ ಅಂತ ತಿಳಿಯಲು ಲೋಕಾಯುಕ್ತ ಸಂಸ್ಥೆಯೇ ಬರಬೇಕು ಅನ್ನುವುದು ಇಲಾಖೆಗೆ ಶೋಭೆಯೇ?

ಭಯದ ಮಾತಾಡುವವರು ಬಳ್ಳಾರಿಯನ್ನು ನೆನಪಿಸಿಕೊಳ್ಳಿ. 2024ರ ನವೆಂಬರಿನಲ್ಲಿ ಅಲ್ಲಿನ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ಸತ್ತರು. ಐವರು. ರಿಂಗರ್ ಲ್ಯಾಕ್ಟೇಟ್ ಅನ್ನುವ ಡ್ರಿಪ್ಪಿನ ದ್ರಾವಣದ ಮೇಲೆ ಅನುಮಾನ ಬಿತ್ತು. ಅದೇ ಕಂಪನಿಯ ದ್ರಾವಣದ ಬಗ್ಗೆ ಮೊದಲೇ ತಕರಾರು ಎದ್ದಿತ್ತು, ಕೇಂದ್ರದ ಪ್ರಯೋಗಾಲಯ ಸರಿ ಇದೆ ಅಂದ ಮೇಲೆ ಮತ್ತೆ ಬಳಕೆಗೆ ಬಿಟ್ಟೆವು ಅಂತ ಸರ್ಕಾರವೇ ಹೇಳಿತು. ರಾಜ್ಯದ ಔಷಧ ನಿಯಂತ್ರಕರ ಅಮಾನತಾಯಿತು. ಆ ಬಾಟಲಿಯನ್ನು ಯಾವ ದಿಢೀರ್ ಭೇಟಿ ಪತ್ತೆ ಮಾಡುತ್ತಿತ್ತು ಹೇಳಿ? ಜೇಡರ ಬಲೆ ಮೂಲೆಯಲ್ಲಿ ಕಾಣುತ್ತದೆ. ಬಾಟಲಿಯೊಳಗಿನದು ಕಾಣಬೇಕಾದರೆ ಬ್ಯಾಚ್ ನಂಬರ್ ಬೇಕು, ಲ್ಯಾಬ್ ಬೇಕು, ಆ ಲ್ಯಾಬಿನ ಕಾಗದವನ್ನು ಅವತ್ತೇ ಓದುವವರು ಬೇಕು. ಅದಕ್ಕೂ ಮುಂಚೆ ಚಾಮರಾಜನಗರ. 2021ರ ಮೇ 2ರ ರಾತ್ರಿ, ಕೋವಿಡ್ ಹೊತ್ತಿನಲ್ಲಿ, ಅಲ್ಲಿನ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕ ಮುಗಿದ ಕತೆ. 24 ಜನ ಸತ್ತರು. ಆಮ್ಲಜನಕ ಇಲ್ಲದೆ ಸತ್ತವರು ಮೂವರೇ ಅಂತ ಆಗಿನ ಸರ್ಕಾರ ಮೊದಲು ಲೆಕ್ಕ ಕೊಟ್ಟಿತು, ಆಮೇಲೆ ಸಮಿತಿ, ಆಯೋಗ. ಅಲ್ಲೂ ಬೇಕಿದ್ದದ್ದು ಗರ್ಜನೆಯಲ್ಲ, ಇಷ್ಟು ಸಿಲಿಂಡರ್ ಇದೆ, ಇಷ್ಟು ಗಂಟೆಗೆ ಸಾಲುತ್ತದೆ ಅನ್ನುವ ಒಂದು ಸಾಲಿನ ಲೆಕ್ಕ, ಮತ್ತು ಆ ಲೆಕ್ಕ ಕೇಳುವ ಒಬ್ಬ ಮನುಷ್ಯ.

ಇನ್ನೊಂದು ತಮಾಷೆ. ಖಾಸಗಿ ಆಸ್ಪತ್ರೆಗಳ ನಿಯಂತ್ರಣಕ್ಕೆ ನಮ್ಮಲ್ಲಿ 2007ರ ಕೆಪಿಎಂಇ ಕಾಯ್ದೆ ಇದೆ. 2017ರಲ್ಲಿ ಅದಕ್ಕೆ ತಿದ್ದುಪಡಿ ತರುವಾಗ ಡಾಕ್ಟರುಗಳು ಬೆಳಗಾವಿವರೆಗೂ ಹೋಗಿ ಪ್ರತಿಭಟನೆ ಮಾಡಿದ್ದು, ರಾಜ್ಯವೆಲ್ಲ ಓಪಿಡಿ ಬಂದ್ ಆಗಿದ್ದು ನೆನಪಿರಬೇಕು. ಆಗ ಅವರು ಕೇಳಿದ ಒಂದು ಪ್ರಶ್ನೆಗೆ ಮಾತ್ರ ನಾನು ಮನಸ್ಸಿನಲ್ಲೇ ಚಪ್ಪಾಳೆ ತಟ್ಟಿದ್ದೆ: ಸರ್ಕಾರಿ ಆಸ್ಪತ್ರೆ ಯಾಕೆ ಈ ಕಾಯ್ದೆಯಲ್ಲಿಲ್ಲ? ಈ ತಿದ್ದುಪಡಿಗೆ ಅಂತ ಸರ್ಕಾರವೇ ನೇಮಿಸಿದ್ದ ನ್ಯಾಯಮೂರ್ತಿ ವಿಕ್ರಮಜಿತ್ ಸೇನ್ ಸಮಿತಿಯೂ ಸೇರಿಸಿ ಅಂತಲೇ ಹೇಳಿತ್ತು. ಸೇರಿಸಲಿಲ್ಲ. ಊರಿಗೆಲ್ಲ ತಕ್ಕಡಿ ಹಿಡಿಯುವ ಶೆಟ್ಟರು ತಮ್ಮ ಅಂಗಡಿಯ ತೂಕಕ್ಕೆ ಮಾತ್ರ ಬಾಯಿಮಾತು ಸಾಕು ಅಂದ ಹಾಗಾಯಿತು.

ಇಷ್ಟು ಬರೆದ ಮೇಲೆ ನನ್ನದೂ ಒಂದು ಹೇಳಿಬಿಡಬೇಕು, ಇಲ್ಲದಿದ್ದರೆ ರಾತ್ರಿ ನಿದ್ದೆ ಬರಲ್ಲ. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಬರುತ್ತಾರೆ ಅಂದರೆ ನಾವು ಸ್ಕೂಲಿನಲ್ಲಿ ಮಾಡುವುದೂ ಇದನ್ನೇ. ಚೆನ್ನಾಗಿ ಓದುವ ನಾಲ್ಕು ಮಕ್ಕಳನ್ನು ಮುಂದಿನ ಬೆಂಚಿಗೆ, ಗಲಾಟೆಯವರನ್ನು ಕೈತೋಟದ ಕೆಲಸಕ್ಕೆ. ಹಾಗಾಗಿ ಆ ಬೆಡ್‌ಶೀಟಿನ ಮಡಿಕೆ ನನ್ನ ಕಣ್ಣಿಗೆ ಬೇಗ ಬಿತ್ತು.

ಅದಕ್ಕಿಂತ ನಾಚಿಕೆಯದು ಇವತ್ತಿನದು. ದೊಡ್ಡವರು ಹೋಗುವಾಗ ನಮ್ಮ ಹುಡುಗನ ಮುಂದೆ ನಿಂತರು. ತಲೆ ಸವರಿ, 'ಇಂಜೆಕ್ಷನ್ ಸಿಕ್ತೇನೋ ಮರಿ?' ಅಂದರು. ಅವನು 'ಹೂಂ' ಅಂದ. ಸುಳ್ಳೇನಲ್ಲ, ಆಗ ತಾನೇ ಚುಚ್ಚಿದ್ದರು. ನಾಲ್ಕು ಮೊಬೈಲು ಅದನ್ನು ಹಿಡಿದವು. ಆಗ ನಾನು ಬಾಯಿ ಬಿಡಬೇಕಿತ್ತು. 'ಸಾರ್, ಶುಕ್ರವಾರ ಸಿಕ್ಕಿರಲಿಲ್ಲ' ಅಂತ ಮೂರೇ ಮಾತು. ಕ್ಲಾಸಿನಲ್ಲಿ ನಲವತ್ತು ಮಕ್ಕಳ ಗದ್ದಲ ಅಡಗಿಸುವ ಧ್ವನಿ ಇದೆ ನನಗೆ. ಸಿಸ್ಟರ್ ಮುಖ ನೋಡಿದೆ. ನಾನು ಹೇಳಿದ್ದರೆ ಬೈಗುಳ ಉಗ್ರಾಣಕ್ಕೆ ಹೋಗುತ್ತಿರಲಿಲ್ಲ, ಬೆಂಗಳೂರಿಗೂ ಹೋಗುತ್ತಿರಲಿಲ್ಲ, ಅಲ್ಲೇ ಆಕೆಯ ನೆತ್ತಿಯ ಮೇಲೆ ಬೀಳುತ್ತಿತ್ತು. ಸುಮ್ಮನಾದೆ. ಇಲ್ಲಿ ಬಂದು ನಿಮ್ಮ ಮುಂದೆ ಕೂಗಾಡುತ್ತಿದ್ದೇನೆ.

ನಾವು ಹೊರಡುವ ಹೊತ್ತಿಗೆ ಕ್ರೋಟನ್ ಕುಂಡ ಎತ್ತಿ ಗೂಡ್ಸ್ ಆಟೋಗೆ ಹಾಕುತ್ತಿದ್ದರು. ಸಿಸ್ಟರ್ ನಮ್ಮ ಚೀಟಿಯ ಮೇಲೆ ಇಪ್ಪತ್ತೆಂಟನೇ ದಿನದ ತಾರೀಖು ಬರೆದರು. ಅದರ ಕೆಳಗೆ ತಮ್ಮ ಮೊಬೈಲ್ ನಂಬರ್ ಬರೆದು, 'ಹಿಂದಿನ ದಿನ ಒಂದು ಫೋನ್ ಮಾಡಿ ಮೇಡಂ. ಇದ್ದರೆ ಒಂದು ಡೋಸ್ ಎತ್ತಿಟ್ಟಿರ್ತೀನಿ, ಇಲ್ಲ ಅಂದ್ರೆ ಯಾವ ಪಿಎಚ್‌ಸಿಲಿ ಇದೆ ಅಂತ ಕೇಳಿ ಹೇಳ್ತೀನಿ' ಅಂದರು.

ನಂಬರ್ ಸೇವ್ ಮಾಡಿಕೊಂಡೆ. ಹೆಸರು ಕೇಳುವುದು ಮರೆತುಹೋಯಿತು. 'ನಾಯಿ ಸಿಸ್ಟರ್' ಅಂತ ಇದೆ ಈಗ ಫೋನಿನಲ್ಲಿ.