ಅವ್ವನ ವರತಿ, ಹೇಗ್‌ನ ಉಸುಕಿನ ದಿಬ್ಬ

ನಾನು ಬಾದಾಮಿ ತಾಲೂಕಿನವನು. ಮಲಪ್ರಭೆ ದಂಡೆಯ ಊರು. ಕೆಲಸಕ್ಕೆಂದು ನೆದರ್ಲೆಂಡ್ಸ್‌ನ ಹೇಗ್‌ಗೆ ಬಂದು ಒಂಬತ್ತು ವರ್ಷ ಆಯಿತು. ಇಲ್ಲಿ ನಮ್ಮ ಮನೆಯ ನಲ್ಲಿಗೆ ಬರುವ ನೀರು ಸಮುದ್ರದ ಪಕ್ಕದ ಉಸುಕಿನ ದಿಬ್ಬಗಳಿಂದ ಬರುತ್ತದೆ ಅಂತ ಮೊದಲ ಸಲ ಗೊತ್ತಾದಾಗ ನನಗೆ ನೆನಪಾಗಿದ್ದು ಅವ್ವ ತೋಡುತ್ತಿದ್ದ ವರತಿ.

ವರತಿ ನೋಡದವರಿಗೆ ಹೇಳುತ್ತೇನೆ. ಬೇಸಿಗೆಯಲ್ಲಿ ಹೊಳೆ ಬತ್ತಿದ ಮೇಲೆ ಉಸುಕಿನಲ್ಲಿ ಮೊಣಕಾಲು ಆಳ ಗುಂಡಿ ತೋಡಬೇಕು. ಸ್ವಲ್ಪ ಹೊತ್ತು ಸುಮ್ನೆ ಕೂರಬೇಕು. ತಳದಲ್ಲಿ ನೀರು ಜಿನುಗುತ್ತದೆ. ಮೊದಲು ಬರುವ ರಾಡಿ ನೀರು ಎತ್ತಿ ಚೆಲ್ಲಿ, ಆಮೇಲೆ ತಿಳಿಯಾಗಿ ಬಂದಿದ್ದನ್ನು ಪರಟೆಯಿಂದ ತುಂಬಿ ಕೊಡಕ್ಕೆ ಹಾಕಬೇಕು. ಮೇಲೆ ನವಿಲುತೀರ್ಥದ ಅಣೆಕಟ್ಟು ಇರುವುದರಿಂದ ನಮ್ಮ ಕಡೆ ಬೇಸಿಗೆಯಲ್ಲಿ ಹೊಳೆ ಒಣಗಿರುವುದೇ ಜಾಸ್ತಿ, ಆದರೂ ನಾನು ಸಣ್ಣವನಿದ್ದಾಗ ಏಪ್ರಿಲ್‌ನಲ್ಲೂ ವರತಿ ಕೈಕೊಡುತ್ತಿರಲಿಲ್ಲ. ಮಳೆಗಾಲದ ನೀರನ್ನು ಉಸುಕು ಹಿಡಿದಿಟ್ಟುಕೊಂಡಿರುತ್ತಿತ್ತು.

ಹೇಗ್‌ನ ದಿಬ್ಬಗಳಲ್ಲೂ ನಡೆಯುವುದು ಅದೇ. ಮಳೆ ನೀರು ಉಸುಕಿನೊಳಗೆ ಇಳಿದು, ಕೆಳಗಿನ ಉಪ್ಪು ನೀರಿನ ಮೇಲೆ ತೇಲಿಕೊಂಡು ನಿಲ್ಲುತ್ತದೆ. ಸಿಹಿನೀರು ಹಗುರ ಅಲ್ವಾ, ಅದಕ್ಕೆ. ಆಮ್‌ಸ್ಟರ್‌ಡ್ಯಾಂನವರು 1853ರಲ್ಲೇ ಹಾರ್ಲೆಂ ಹತ್ತಿರದ ದಿಬ್ಬಗಳಿಂದ ಕೊಳವೆ ಎಳೆದು ನೀರು ತಂದರು. ಆಗ ಊರಬಾಗಿಲಲ್ಲಿ ಒಂದು ಬಕೆಟ್ ನೀರಿಗೆ ಒಂದು ಸೆಂಟ್. ಹೇಗ್‌ಗೆ ಈ ನೀರು ಬಂದಿದ್ದು 1874ರಲ್ಲಿ.

ಇಲ್ಲಿಯವರು ಮೊದಲಿನಿಂದಲೂ ಜಾಣರು, ನಾವು ದಡ್ಡರು ಅಂತ ಹೇಳಲು ನಾನು ಕೂತಿಲ್ಲ. ಇವರೂ ತಪ್ಪು ಮಾಡಿದ್ದಾರೆ. ಊರು ಬೆಳೆದಂತೆ ದಿಬ್ಬದಿಂದ ಎಳೆದರು, ಎಳೆದರು, ಕೊನೆಗೆ ಕೆಳಗಿನ ಉಪ್ಪು ನೀರು ಮೇಲೇರಲು ಶುರುವಾಯಿತು, ದಿಬ್ಬಗಳ ನಡುವಿನ ಹಸಿ ತಗ್ಗುಗಳು ಒಣಗಿದವು, ಅಲ್ಲಿನ ಗಿಡ ಸತ್ತವು. ಆಮೇಲೆ ಬುದ್ಧಿ ಬಂತು. ಹೇಗ್‌ನವರು 1955ರಿಂದ, ಆಮ್‌ಸ್ಟರ್‌ಡ್ಯಾಂನವರು 1957ರಿಂದ ನದಿ ನೀರನ್ನು ದೂರದಿಂದ ತಂದು ದಿಬ್ಬಕ್ಕೆ ಕುಡಿಸುತ್ತಿದ್ದಾರೆ. ಅದು ಉಸುಕಿನಲ್ಲಿ ಸುಮಾರು ಎರಡು ತಿಂಗಳು ಇಳಿದು, ಸೋಸಿಕೊಂಡು ಹೊರಬರುತ್ತದೆ. ಈ ದೇಶದಲ್ಲಿ ನಲ್ಲಿ ನೀರಿಗೆ ಕ್ಲೋರಿನ್ ಹಾಕುವುದಿಲ್ಲ. ನಾನು ನೇರವಾಗಿ ನಲ್ಲಿಯಿಂದಲೇ ಕುಡಿಯುತ್ತೇನೆ.

ನಮ್ಮ ಮನೆಯಿಂದ ಸೈಕಲ್‌ನಲ್ಲಿ ಹೋದರೆ ಮೈಯೆಂಡೆಲ್ ಸಿಗುತ್ತದೆ. ಹೇಗ್ ಮತ್ತು ವಾಸೆನಾರ್ ನಡುವಿನ ದಿಬ್ಬಗಳ ರಕ್ಷಿತ ಪ್ರದೇಶ. ಅಲ್ಲಿ ಹಾಕಿದ ದಾರಿ ಬಿಟ್ಟು ದಿಬ್ಬ ಹತ್ತುವಂತಿಲ್ಲ. ಕಡಲ ಕಡೆಯ ದಿಬ್ಬಗಳಲ್ಲಿ ಹೆಲ್ಮ್ ಅನ್ನುವ ಹುಲ್ಲು ಇದೆ. ಗಾಳಿಗೆ ಉಸುಕು ಬಂದು ಮುಚ್ಚಿದಷ್ಟೂ ಅದು ಮೇಲೆ ಬೆಳೆಯುತ್ತದೆ, ಬೇರು ಹಬ್ಬಿ ದಿಬ್ಬವನ್ನು ಹಿಡಿದುಕೊಳ್ಳುತ್ತದೆ, ಆದರೆ ಕಾಲ್ತುಳಿತ ತಡೆಯುವುದಿಲ್ಲ. ನನ್ನ ಮಗಳು ಒಂದು ಸಲ ಬೇಲಿ ದಾಟಿ ಓಡಿದಳು. ಗುರುತಿಲ್ಲದ ಒಬ್ಬ ಅಜ್ಜಿ ಅವಳನ್ನು ಕರೆದು, ಬಾಗಿ ಕೂತು, ಈ ಹುಲ್ಲು ಸತ್ತರೆ ಏನಾಗುತ್ತದೆ ಅಂತ ಸಮಾಧಾನವಾಗಿ ಹೇಳಿದರು. ಆ ಅಜ್ಜಿಗೆ ಯಾರೂ ಕಾವಲಿನ ಕೆಲಸ ಕೊಟ್ಟಿರಲಿಲ್ಲ. ದಿಬ್ಬ ಹೋದರೆ ಕಡಲು ಒಳಗೆ ಬರುತ್ತದೆ, ಕುಡಿಯುವ ನೀರು ಕೆಡುತ್ತದೆ ಅನ್ನುವುದು ಅವರಿಗೆ ಗೊತ್ತಿತ್ತು, ಅಷ್ಟೇ.

ಇನ್ನೊಂದು ಮಾತು ಹೇಳಲೇಬೇಕು. ಕಾಪಾಡುವುದು ಅಂದರೆ ಬೇಲಿ ಹಾಕಿ ಮರೆಯುವುದು ಅಂತ ನಾನು ತಿಳಿದಿದ್ದೆ. ಹಾರ್ಲೆಂ ಕಡೆಯ ರಾಷ್ಟ್ರೀಯ ಉದ್ಯಾನದಲ್ಲಿ ಮುಂದಿನ ದಿಬ್ಬದ ಸಾಲನ್ನು ಇವರೇ ಐದು ಕಡೆ ಕಡಿದು ದಾರಿ ಮಾಡಿದ್ದಾರೆ, ಕಡಲ ಗಾಳಿ ಹೊಸ ಉಸುಕನ್ನು ಒಳಗೆ ತರಲಿ ಅಂತ. ಗಿಡಗಂಟಿ ಜಾಸ್ತಿ ಬೆಳೆದು ದಿಬ್ಬಗಳು ಅಲ್ಲಾಡದಂತಾಗಿದ್ದವು. ಉಸುಕು ಸ್ವಲ್ಪ ಓಡಾಡುತ್ತಿರಬೇಕು, ಇಲ್ಲದಿದ್ದರೆ ಬರೀ ಉಸುಕಿನಲ್ಲೇ ಬದುಕುವ ಗಿಡ, ಹುಳುಗಳಿಗೆ ಜಾಗ ಇರುವುದಿಲ್ಲ.

ಹೋದ ಏಪ್ರಿಲ್‌ನಲ್ಲಿ ಊರಿಗೆ ಹೋಗಿದ್ದೆ. ಮಗಳಿಗೆ ವರತಿ ತೋರಿಸಬೇಕು ಅಂತ ಆಸೆ. ಕಾಕಾ ಹೇಳಿದರು, "ಅಲ್ಲೇನೈತಿ ನೋಡಾಕ, ತಮ್ಮಾ? ಬರೇ ಜಾಲಿಕಂಟಿ ಐತಿ." ಆದರೂ ಹೋದೆವು. ನಾವು ಆಡುತ್ತಿದ್ದ ಕಡೆ ಉಸುಕೇ ಇಲ್ಲ. ಗಟ್ಟಿ ಮಣ್ಣು, ಟ್ರ್ಯಾಕ್ಟರ್ ಗಾಲಿಯ ತಗ್ಗು, ಅದರ ತುಂಬ ಬಳ್ಳಾರಿ ಜಾಲಿ. ಮಗಳು ಕೈಯಲ್ಲಿ ಪರಟೆ ಹಿಡಿದುಕೊಂಡೇ ನಿಂತಿದ್ದಳು. ನನಗೆ ಗಂಟಲು ಕಟ್ಟಿತು.

ಉಸುಕು ಹೊತ್ತವರನ್ನು ಮಾತ್ರ ಬೈದರೆ ನ್ಯಾಯ ಆಗುವುದಿಲ್ಲ. ನಮ್ಮ ಮನೆಯ ಸ್ಲ್ಯಾಬಿಗೆ ಹಾಕಿದ್ದೂ ಅದೇ ಹೊಳೆಯ ಉಸುಕು. ಟ್ರ್ಯಾಕ್ಟರ್ ಓಡಿಸಿದ ಹುಡುಗರಿಗೆ ಸಾಲದ ಕಂತು ಇತ್ತು. ಕಾನೂನೂ ಇಲ್ಲದೇ ಇಲ್ಲ. ಉಸುಕು ತೆಗೆಯುವ 5 ಹೆಕ್ಟೇರ್‌ಗಿಂತ ಸಣ್ಣ ಗುತ್ತಿಗೆಗೂ ಪರಿಸರ ಅನುಮತಿ ಬೇಕು ಅಂತ ಸುಪ್ರೀಂ ಕೋರ್ಟ್ 2012ರಲ್ಲೇ ಹೇಳಿದೆ. ಆದರೆ ಊರಲ್ಲಿ ಯಾರನ್ನು ಕೇಳಿದರೂ ಉಸುಕು ಅಂದರೆ ಬ್ರಾಸಿನ (ಉಸುಕು ಅಳೆದು ಮಾರುವ ಅಳತೆ) ಲೆಕ್ಕ, ಟ್ರಿಪ್ಪಿನ ಲೆಕ್ಕ. ಅದರೊಳಗೆ ಎಷ್ಟು ನೀರಿತ್ತು ಅನ್ನುವ ಲೆಕ್ಕ ಅವ್ವನಂಥ ಹೆಣ್ಣುಮಕ್ಕಳಿಗೆ ಗೊತ್ತಿತ್ತು. ಅವರನ್ನು ಯಾರೂ ಕೇಳಲಿಲ್ಲ.

ನನಗೆ ಅನಿಸುವುದು ಇಷ್ಟು. ಮಲಪ್ರಭೆಯಲ್ಲಿ ಇನ್ನೂ ಉಸುಕು ಉಳಿದಿರುವ ಎರಡು ಮೂರು ಕಿಲೋಮೀಟರ್ ಜಾಗವನ್ನಾದರೂ ಮೀಸಲು ಅಂತ ಘೋಷಿಸಬೇಕು. ದಾರಿ ಇದೆ. ಸರ್ಕಾರಿ ಜಾಗವನ್ನು ಸುತ್ತಲಿನ ಊರವರ ಜೊತೆ ಮಾತಾಡಿ ಸಂರಕ್ಷಣಾ ಮೀಸಲು ಮಾಡಲು ವನ್ಯಜೀವಿ ಕಾಯ್ದೆಯ 2002ರ ತಿದ್ದುಪಡಿಯಲ್ಲಿ ಅವಕಾಶ ಕೊಟ್ಟಿದ್ದಾರೆ. ಪಕ್ಕದ ಗದಗ ಜಿಲ್ಲೆಯ ಮಾಗಡಿ ಕೆರೆ ಹಾಗೇ ಸಂರಕ್ಷಣಾ ಮೀಸಲಾಗಿದ್ದು, 2024ರಲ್ಲಿ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೂ ಸೇರಿತು. ನಮ್ಮ ಬಾಗಲಕೋಟೆ ಜಿಲ್ಲೆಯಲ್ಲೇ ಚಿಂಕಾರ ಅನ್ನುವ ಜಿಂಕೆಗಳಿಗಾಗಿ ಯಡಹಳ್ಳಿ ವನ್ಯಧಾಮ ಇದೆ. ಜಿಂಕೆಗೆ ಜಾಗ ಕೊಟ್ಟವರು ಉಸುಕಿಗೂ ಕೊಡಬಹುದು. ಆದರೆ ಬೋರ್ಡಿನಲ್ಲಿ "ಪ್ರವೇಶ ನಿಷೇಧ" ಅಂತ ಬರೆದು ಹೋಗಬಾರದು. ಈ ಉಸುಕಿನಿಂದ ಯಾವ ಊರಿನ ಯಾವ ಬಾವಿಗೆ ನೀರು ಬರುತ್ತದೆ ಅಂತ ಬರೆಯಬೇಕು. ಬಾವಿಯ ನೀರಿನ ಮಟ್ಟವನ್ನು ಪಂಚಾಯಿತಿ ಗೋಡೆ ಮೇಲೆ ತಿಂಗಳಿಗೊಮ್ಮೆ ಬರೆದರೆ ಇನ್ನೂ ಒಳ್ಳೆಯದು.

ವಾಪಸ್ ಬಂದ ಮೇಲೆ ಮೈಯೆಂಡೆಲ್‌ನ ವಿಡಿಯೋ ಮಾಡಿ ಅವ್ವನಿಗೆ ಕಳಿಸಿದೆ. ಹೂವು, ಕುದುರೆ, ಕಡಲು ಎಲ್ಲಾ ಇತ್ತು ಅದರಲ್ಲಿ. ಫೋನ್ ಮಾಡಿ ಅವ್ವ ಕೇಳಿದ್ದು ಒಂದೇ, "ಅಲ್ಲಿ ವರತಿ ತೋಡಿದ್ರ ಎಷ್ಟು ಆಳಕ್ಕ ನೀರು ಹತ್ತತೈತಿ?" ದಿಬ್ಬಗಳ ನಡುವಿನ ತಗ್ಗಿನಲ್ಲಿ ಚಳಿಗಾಲಕ್ಕೆ ತೋಡುವುದೇ ಬೇಡ, ನೀರು ತಾನೇ ಮೇಲೆ ಬಂದು ನಿಲ್ಲುತ್ತದೆ ಅಂದೆ. ಅವ್ವ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ನಮ್ಮಲ್ಲೂ ಯುಗಾದಿ ತನಕ ಮೊಣಕೈ ಆಳಕ್ಕ ಸಿಗತಿತ್ತು" ಅಂದಳು.